ಯಾವ ಪಾಲಯ್ಯ?

ಬಲಗಾಲು ಜಜ್ಜಿಹೋಗಿ ಬಳ್ಳಾರಿ ಸೇರಿದ್ದ ಮನುಷ್ಯ ಎರಡೇ ತಿಂಗಳಿಗೆ ಮೊಳಕಾಲ್ಮೂರು ಹತ್ತಿರದ ಹಾನಗಲ್ಲಿನ ಜಂಬುಲಿಂಗಪ್ಪನ ಹೋಟೆಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದ. ಪವಿತ್ರ ಟೀ ಲೋಟ ಹಿಡಿದುಕೊಂಡು ಅವನ ಕಾಲನ್ನೇ ನೋಡಿದಳು. ಪಂಚೆ ಮೊಣಕಾಲಿನವರೆಗೆ ಸರಿದಿತ್ತು. ಒಂದು ಗೀರಿನ ಗುರುತೂ ಇರಲಿಲ್ಲ.

"ಇವ್ರೇನಾ ಕೊಂಡ್ಲಹಳ್ಳಿ ದೊಡ್ಡಪಾಲಯ್ಯ?" ಎಂದು ಮತ್ತೊಮ್ಮೆ ಕೇಳಿದಳು.

"ಇವ್ನೇ ಕಣಮ್ಮ. ಎಷ್ಟು ಸಲ ಹೇಳ್ಲಿ?" ಎಂದ ಜಂಬುಲಿಂಗಪ್ಪ ಬಾಣಲೆಯಿಂದ ತಲೆ ಎತ್ತದೆ. ಅವನ ದನಿಯಲ್ಲಿ ಸ್ವಲ್ಪ ನಾಚಿಕೆಯಿತ್ತು.

"ನನ್ನ ಕಾಲಿಗೆ ದೃಷ್ಟಿ ಹಾಕಬ್ಯಾಡಮ್ಮ ತಾಯಿ" ಎನ್ನುತ್ತಾ ದೊಡ್ಡಪಾಲಯ್ಯ ಪಂಚೆ ಇಳಿಬಿಟ್ಟ.

ಪವಿತ್ರ ಮೊಳಕಾಲ್ಮೂರಿನ ೧೦೮ ಗಾಡಿಯ ನರ್ಸು. ಎರಡು ತಿಂಗಳ ಹಿಂದೆ, ಮಟಮಟ ಮಧ್ಯಾಹ್ನ, ಇದೇ ಹೋಟೆಲಿನಿಂದ ನೂರು ಹೆಜ್ಜೆ ದೂರದಲ್ಲಿ ಲಾರಿಯೊಂದು ಬೈಕಿಗೆ ಒರೆಸಿಕೊಂಡು ಹೋಗಿತ್ತು. ಬೈಕಿನವನ ಮೊಬೈಲು ಚೂರುಚೂರಾಗಿತ್ತು, ಮುಖದ ತುಂಬ ರಕ್ತ. ಹೆಸರು ಕೇಳಿದ್ದಕ್ಕೆ "ಪಾಲಯ್ಯ" ಎಂದಷ್ಟೇ ಹೇಳಿ ಕಣ್ಣು ಮುಚ್ಚಿದ್ದ. ಆಗ ಜಂಬುಲಿಂಗಪ್ಪ ತಲೆಯ ಮೇಲೆ ಕೈ ಹೊತ್ತು, "ಅಯ್ಯಯ್ಯೋ, ನಮ್ಮ ಕೊಂಡ್ಲಹಳ್ಳಿ ದೊಡ್ಡಪಾಲಯ್ಯ ಕಣ್ರೋ!" ಎಂದು ಕೂಗಿ, ಯಾರ್ಯಾರನ್ನೋ ಕೇಳಿ ಅವನ ಹೆಂಡತಿಯ ನಂಬರನ್ನೂ ಕೊಟ್ಟಿದ್ದ. ಈ ಸೀಮೆಯಲ್ಲಿ ಒಂದು ಕಲ್ಲು ಎತ್ತಿ ಒಗೆದರೆ ಅದು ಪಾಲಯ್ಯನ ತಲೆಗೆ ಬೀಳಬೇಕು, ಇಲ್ಲ ಓಬಯ್ಯನ ತಲೆಗೆ. ಮನೆದೇವರ ಹೆಸರು ಅಜ್ಜನಿಗೆ ಇಟ್ಟಿದ್ದು ಮೊಮ್ಮಗನಿಗೂ ಬರುತ್ತದೆ, ದಾಯಾದಿಯ ಮಗನಿಗೂ ಬರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಅಲ್ಲಿ ಸೇರಿದ್ದ ಮೂವತ್ತು ಜನರಲ್ಲಿ ಒಬ್ಬನಾದರೂ "ಯಾವ ಪಾಲಯ್ಯ?" ಎಂದು ಕೇಳಬೇಕಲ್ಲ! ಇದೇ ಸೀಮೆಯ ರಾಂಪುರದಲ್ಲೇ ಹುಟ್ಟಿ ಬೆಳೆದ ಪವಿತ್ರಳೂ ಕೇಳಲಿಲ್ಲ.

"ಆವತ್ತು ನಾನು ಚಳ್ಳಕೆರೆ ಮಾರ್ಕೆಟ್‌ನಾಗೆ ಈರುಳ್ಳಿ ಚೀಲದ ಮ್ಯಾಲೆ ಮಲಗಿದ್ದೆ. ಫೋನಿನಾಗೆ ಚಾರ್ಜಿರ್ಲಿಲ್ಲ" ಎಂದ ದೊಡ್ಡಪಾಲಯ್ಯ. "ನಮ್ಮನ್ಯಾಗೆ ಕೇಳಿದೆ. ಯಾರೋ ಫೋನ್ ಮಾಡಿದ್ರು, ರಾಂಗ್ ನಂಬರ್ ಅಂತ ಕಟ್ ಮಾಡಿದೆ ಅಂದ್ಲು."

ಪವಿತ್ರಳ ಕೈಯಲ್ಲಿದ್ದ ಟೀ ಆರಿತು. ಆ ದಿನ ಫೋನ್ ಮಾಡಿದವಳು ಅವಳೇ. ಆ ಕಡೆಯಿಂದ ಹೆಂಗಸು "ಅಯ್ಯೋ ದೇವುಡಾ!" ಎಂದು ಚೀರಿದ್ದು ಇನ್ನೂ ಕಿವಿಯಲ್ಲಿದೆ. ಅರ್ಧ ಗಂಟೆಗೆಲ್ಲ ಅದೇ ಹೆಂಗಸು ತಿರುಗಿ ಫೋನ್ ಮಾಡಿ, "ಬಸ್ ಹತ್ತೀನಿ ಕಣಮ್ಮ, ಮಾತಾಡ್ತಾ ಅದಾರಾ ಅವ್ರು?" ಎಂದು ಕೇಳಿದ್ದಳು. ಹಿಂದೆ ಬಸ್ಸಿನ ಹಾರ್ನು ಕೇಳಿಸಿತ್ತು. ರಾಂಗ್ ನಂಬರ್ ಎಂದು ಕಟ್ ಮಾಡಿದವಳು ಬಸ್ಸು ಯಾಕೆ ಹತ್ತುತ್ತಾಳೆ?

ಗಾಡಿಗೆ ಬಂದು ಕೂತ ಮೇಲೂ ಅವಳ ಮಾತು ಅದೇ. ಡ್ರೈವರ್ ತಿಪ್ಪೇರುದ್ರನಿಗೆ ಐವತ್ತು ದಾಟಿದೆ. ಆಸ್ಪತ್ರೆಯಲ್ಲಿ ಇಳಿಸಿದ ಪೇಷೆಂಟಿನ ಗತಿ ಏನಾಯಿತೆಂದು ತಿರುಗಿ ವಿಚಾರಿಸಬಾರದು ಎಂಬುದು ಅವನು ಪಾಲಿಸಿಕೊಂಡು ಬಂದ ನೇಮ.

"ಬಿಡು ತಾಯಿ. ಇಳಿಸಿದ್ವಿ, ಫಾರಂಗೆ ಸಹಿ ಹಾಕಿಸ್ಕಂಡ್ವಿ, ಮುಗೀತು. ಕೆದಕಿದ್ರೆ ರಾತ್ರಿ ನಿದ್ದೆ ಬರಲ್ಲ."

"ಕೆದಕದಿದ್ರೂ ಬರಲ್ಲಣ್ಣ. ಅವನ ಮನೆಯೋರಿಗೆ ಯಾರೂ ಹೇಳೇ ಇಲ್ಲ. ಯಾರದೋ ಮನೆಗೆ ಫೋನ್ ಮಾಡಿ ನಾನು ಆರಾಮಾಗಿ ವಾಪಸ್ ಬಂದೆ."

ತಿಪ್ಪೇರುದ್ರ ಗಾಡಿ ಸ್ಟಾರ್ಟ್ ಮಾಡಿದ. ಜೊತೆಗೆ ಯಾರೂ ಇಲ್ಲದ ಪೇಷೆಂಟ್ ಎಂದರೇನೆಂದು ಅವನಿಗೂ ಗೊತ್ತು. ಡಾಕ್ಟರು ಎಷ್ಟೇ ಒಳ್ಳೆಯವರಿರಲಿ, ಸ್ಕ್ಯಾನಿಂಗಿಗೆ ಚೀಟಿ ಹಿಡಿದು ಓಡಲು, ರಕ್ತ ತರಲು, ಹೂಂ ಅಥವಾ ಊಹೂಂ ಅನ್ನಲು ಒಬ್ಬ ಮನುಷ್ಯ ಬೇಕು. ಆವತ್ತು ಅವರಿಬ್ಬರೂ ಮಾಡಿದ್ದೇನು ಕಡಿಮೆಯಲ್ಲ. ಗಾಯಾಳುವಿನ ಪಾದ ತಣ್ಣಗಾಗಿತ್ತು, ಹಿಮ್ಮಡಿಯ ಹತ್ತಿರ ನಾಡಿ ಸಿಗುತ್ತಿರಲಿಲ್ಲ. ಮೊಳಕಾಲ್ಮೂರಿಗೆ ಹೋದರೆ ಅಲ್ಲಿಯೂ ಇದೇ ಪಟ್ಟಿ ಕಟ್ಟಿ ಬಳ್ಳಾರಿಗೇ ಚೀಟಿ ಬರೆಯಬೇಕು, ರಕ್ತನಾಳ ಹೊಲಿಯುವ ಡಾಕ್ಟರು ಇರುವುದು ಅಲ್ಲಿ. ಪವಿತ್ರ ಕಂಟ್ರೋಲ್ ರೂಮಿನ ಡಾಕ್ಟರ ಜೊತೆ ಫೋನಿನಲ್ಲೇ ಹಟ ಹಿಡಿದು ಒಪ್ಪಿಸಿ ನೆಟ್ಟಗೆ ಬಳ್ಳಾರಿಗೆ ಗಾಡಿ ತಿರುಗಿಸಿದ್ದಳು. ಹಾಗೆ ಉಳಿಸಿದ ಮುಕ್ಕಾಲು ಗಂಟೆ ಒಂದು ಫೋನಿನಿಂದ ನೀರಲ್ಲಿ ಹೋಮವಾಯಿತೇ? ಆ ಕಾಲು ಉಳಿಯಿತೇ? ಆ ಮನುಷ್ಯನಾದರೂ ಉಳಿದನೇ? ತಿಳಿಯದೆ ಅನ್ನ ಇಳಿಯುವಂತಿರಲಿಲ್ಲ.

ಸೋಮವಾರ ಅವಳ ರಜೆ. ಬೆಳಿಗ್ಗೆಯೇ ಕೊಂಡ್ಲಹಳ್ಳಿಗೆ ಹೋದಳು.

ದೊಡ್ಡಪಾಲಯ್ಯನ ಹೆಂಡತಿ ಯರ್ರಮ್ಮ ಅಂಗಳದಲ್ಲಿ ಶೇಂಗಾ ಬಿಡಿಸುತ್ತಾ ಕೂತಿದ್ದಳು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ದೊಡ್ಡಪಾಲಯ್ಯ ಪಕ್ಕದ ಕೊಟ್ಟಿಗೆಯಲ್ಲಿ ಎಮ್ಮೆಗೆ ಸೊಪ್ಪೆ ಹಾಕುತ್ತಿದ್ದ. "ನಾನು ಪವಿತ್ರ ಅಂತ, ಆವತ್ತು ಫೋನ್ ಮಾಡಿದ್ನಲ್ಲ…" ಎನ್ನುವಷ್ಟರಲ್ಲಿ ಯರ್ರಮ್ಮ ದಡಬಡ ಎದ್ದುಬಿಟ್ಟಳು.

"ಓ, ಸಂಘದ ಮೇಡಮ್ಮೋರಾ? ಬರ್ರಿ ಬರ್ರಿ. ನೀರು ತರಾಕೆ ಹೊಂಟಿದ್ದೆ, ಮಾತಾಡ್ಕಂತ ಹೋಗಾನ" ಎಂದು ಗಟ್ಟಿಯಾಗಿ ಹೇಳಿ, ಖಾಲಿ ಕ್ಯಾನನ್ನು ಸೊಂಟಕ್ಕೆ ಏರಿಸಿ ಪವಿತ್ರಳ ಮೊಣಕೈ ಹಿಡಿದು ಬೀದಿಗೆ ಎಳೆದುಕೊಂಡು ಬಂದಳು. ದೊಡ್ಡಪಾಲಯ್ಯ ಕೊಟ್ಟಿಗೆಯಿಂದ ಇಣುಕಿ ನೋಡಿದ.

ಶುದ್ಧ ನೀರಿನ ಘಟಕದ ಹತ್ತಿರ ಯಾರೂ ಇರಲಿಲ್ಲ. ಯರ್ರಮ್ಮ ಕ್ಯಾನನ್ನು ನಲ್ಲಿಯ ಕೆಳಗಿಟ್ಟು ನೀರು ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. "ಕೇಸ್ ಆಗೈತೇನಮ್ಮ ನನ್ನ ಮ್ಯಾಲೆ?"

"ಯಾವ ಕೇಸು?"

"ಆತ ಸತ್ತೋದ್ನಾ?"

"ಅದನ್ನ ತಿಳ್ಕೊಳಾಕೇ ನಾನು ಬಂದೀನಿ ಕಣಕ್ಕ. ನೀವು ಬಳ್ಳಾರಿಗೆ ಹೋಗಿದ್ರಾ?"

ಯರ್ರಮ್ಮ ಘಟಕದ ಕಟ್ಟೆಯ ಮೇಲೆ ಕುಸಿದು ಕೂತಳು. ಎರಡು ತಿಂಗಳಿಂದ ಯಾರ ಮುಂದೆಯೂ ಆಡದೆ ಇಟ್ಟುಕೊಂಡ ಮಾತು ಒಂದರ ಹಿಂದೊಂದು ಹೊರಗೆ ಬಿತ್ತು.

"ದಾರಿ ಉದ್ದಕ್ಕೂ ಅತ್ಕಂತ ಹೋದೆ. ಕಂಡಕ್ಟರೇ ನೀರು ಕೊಟ್ಟ. ಆಸ್ಪತ್ರೆಯಾಗೆ ಹಾನಗಲ್ಲಿನಾಗೆ ಲಾರಿ ಬಡಿದೋರು ಅಂದ್ರೆ ಒಂದು ಮಂಚ ತೋರಿಸಿದ್ರು. ಹೋಗಿ ನೋಡ್ತೀನಿ, ನಮ್ಮೋರಲ್ಲ! ಯಾರೋ ಬ್ಯಾರೆ ಗಂಡಸು. ನಗು ಬಂತು ಕಣಮ್ಮ ನಂಗೆ. ಹೊಟ್ಟೆಯಾಗಿಂದ ನಗು ಬಂತು. ಅಯ್ಯೋ ನಮ್ಮಪ್ಪ, ನಮ್ಮೋರಲ್ಲ ಅಂತ ಆತನ ಮುಂದೆ ನಿಂತ್ಕಂಡೇ ನಕ್ಕುಬಿಟ್ಟೆ. ಆತ ಕಣ್ಣು ಬಿಟ್ಟು ನೋಡಿದ. ನಾನು ನಗೋದನ್ನ ನೋಡಿದ." ಯರ್ರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ಅದಾದ ಮ್ಯಾಲೆ ಹೆಂಗೆ ಬಿಟ್ಟು ಬರ್ಲಿ ಹೇಳು?"

ಅಷ್ಟರಲ್ಲಿ ಡಾಕ್ಟರು ಬಂದಿದ್ದರಂತೆ, ಇನ್ನೂ ಎಳೆಯ ಹುಡುಗ. ಜೀವ ಉಳಿಸುವುದಕ್ಕಾದರೆ ನಮಗೆ ಯಾರ ಸಹಿಯೂ ಬೇಡಮ್ಮ, ಆದರೆ ಕಾಲಿನ ಮಾತು ಮನೆಯವರೇ ಹೇಳಬೇಕು ಎಂದನಂತೆ. ಕತ್ತರಿಸಿದರೆ ಜೀವಕ್ಕೆ ಭಯವಿಲ್ಲ. ಜೋಡಿಸಿ ನೋಡಿದರೆ ಕಾಲು ಉಳಿಯಬಹುದು. ಕೂಡದಿದ್ದರೆ ನಂಜು ಏರಿ ಜೀವಕ್ಕೇ ಬರಬಹುದು. ಹೊತ್ತು ಕಡಿಮೆ ಇದೆ. ಪೇಷೆಂಟಿಗೆ ಮತ್ತೆ ಪ್ರಜ್ಞೆ ತಪ್ಪಿತ್ತು. "ನೀವು ಏನಾಗಬೇಕು ಇವರಿಗೆ?" ಎಂದು ಕೇಳಿದ್ದಕ್ಕೆ ಯರ್ರಮ್ಮ ಬಾಯಿ ತೆರೆಯಲಿಲ್ಲ. "ಪೇಷೆಂಟ್ ಹೆಸರಾದ್ರೂ ಹೇಳಮ್ಮ" ಎಂದಳಂತೆ ಪಕ್ಕದಲ್ಲಿದ್ದ ನರ್ಸು.

"ಹೆಂಗೆ ಹೇಳ್ಲಿ? ಆತಂದೂ ಅದೇ ಹೆಸರು, ನಮ್ಮನೆಯೋರ್ದೂ ಅದೇ ಹೆಸರು! ಮದ್ವೆಯಾಗಿ ಇಪ್ಪತ್ಮೂರು ವರ್ಷ ಆತು, ಒಂದಿನ ಆ ಹೆಸರು ನನ್ನ ಬಾಯಾಗೆ ಬಂದಿಲ್ಲ. ತಲೆ ಬಗ್ಗಿಸಿ ನಿಂತೆ. ಆ ನರ್ಸಮ್ಮ ನಕ್ಕಂಡು, ಇವ್ರ ಕಡೆ ಗಂಡನ ಹೆಸರು ಹೇಳಲ್ಲ ಸಾರ್, ಹೆಂಡ್ತಿನೇ ಬರ್ಕಳ್ರಿ ಅಂದ್ಲು. ಬರ್ಕಂಡೇಬಿಟ್ರು."

ಪವಿತ್ರಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಆಮೇಲೆ?"

"ಆಮ್ಯಾಲೇನು. ಜೋಡ್ಸಿ ನೋಡ್ರಿ ಅಂದೆ. ಸಹಿ ಹಾಕಿದೆ. ರಕ್ತದ ಸೀಸೆ ಕೊಟ್ರು, ಅದನ್ನ ಸೆರಗಿನಾಗೆ ಸುತ್ಕಂಡು ಬ್ಲಡ್ ಬ್ಯಾಂಕಿಗೆ ಓಡಿದೆ, ಚೀಲ ತಂದ್ಕೊಟ್ಟೆ. ಒಳಗೆ ತಗಂಡೋದ್ರು. ಕಡೇ ಬಸ್ಸಿಗೆ ಹತ್ತಿ ಬಂದ್ಬಿಟ್ಟೆ. ಯಾರ ಮಗನೋ, ಯಾರ ಗಂಡನೋ! ಕತ್ತರಿಸಿ ಅಂದಿದ್ರೆ ಜೀವ ಆದ್ರೂ ಗ್ಯಾರಂಟಿ ಇತ್ತು. ಮಂದಿ ಜೀವದ ಮ್ಯಾಲೆ ಜೂಜಾಡಾಕೆ ನಾನ್ಯಾರಮ್ಮ? ನಮ್ಮೋರಾಗಿದ್ರೂ ಹಂಗೇ ಹೇಳ್ತಿದ್ನೋ ಇಲ್ವೋ, ಆ ದೇವ್ರಿಗೇ ಗೊತ್ತು." ಮೂಗು ಒರೆಸಿಕೊಂಡು ಪವಿತ್ರಳ ಮುಖ ನೋಡಿದಳು. "ಹೋಗ್ಲಿ, ನಿಂಗೆ ಗೊತ್ತಿರ್ಬೇಕಲ್ಲ. ಕಾಲು ಉಳೀತಾ?"

"ನಂಗೂ ಗೊತ್ತಿಲ್ಲಕ್ಕ."

"ಗೊತ್ತಿಲ್ವಾ! ಎತ್ಕಂಡು ಹೋದೋಳೇ ನೀನು!"

ಕ್ಯಾನು ತುಂಬಿ ನೀರು ಹೊರಚೆಲ್ಲುತ್ತಿತ್ತು. ಇಬ್ಬರೂ ಒಟ್ಟಿಗೆ ಕೈ ಚಾಚಿದರು.

ಆ ವಾರದಲ್ಲೇ ಪವಿತ್ರಳ ಗಾಡಿ ಇನ್ನೊಬ್ಬ ಪೇಷೆಂಟನ್ನು ಕರೆದುಕೊಂಡು ಬಳ್ಳಾರಿಗೆ ಹೋಯಿತು. ತಿಪ್ಪೇರುದ್ರ ಸ್ಟ್ರೆಚರ್ ತೊಳೆಯುವ ಹೊತ್ತಿನಲ್ಲಿ ಅವಳು ಮೂಳೆ ವಾರ್ಡಿಗೆ ಓಡಿದಳು. ಅಲ್ಲಿನ ಹಿರಿಯ ನರ್ಸು ಲಕ್ಷ್ಮೀದೇವಿ ಹೆಸರು ಕೇಳಿದ ಕೂಡಲೇ ಕನ್ನಡಕ ತೆಗೆದರು.

"ಸಣ್ಣಪಾಲಯ್ಯ ತಾನೇ? ಅಯ್ಯೋ ಅವನ್ನ ಮರೆಯೋದುಂಟೇನಮ್ಮ! ಹೆಂಡ್ತಿ ಸಹಿ ಹಾಕಿ ಓಡಿಹೋದ್ಲು ಅಂತ ನಾವೆಲ್ಲ ಸೇರಿ ಆ ಹೆಂಗಸಿಗೆ ಶಾಪ ಹಾಕಿದ್ದೇ ಹಾಕಿದ್ದು. ಎಚ್ಚರ ಆದ ಮೇಲೆ ಅವನು, ನಂಗೆ ಮದ್ವೆನೇ ಆಗಿಲ್ಲ ಸಿಸ್ಟರ್ ಅನ್ನೋದೇ! ಮೂರು ದಿನ ಆದ ಮೇಲೆ ಅವರಮ್ಮ ಬಂದ್ಲು. ಸಹಿ ಇನ್ನೊಂದು ಗಂಟೆ ತಡ ಆಗಿದ್ರೆ ಕತ್ತರಿಸದೆ ಬೇರೆ ದಾರಿ ಇರ್ಲಿಲ್ಲ ಅಂತಿದ್ರು ಡಾಕ್ಟರು."

ಪವಿತ್ರಳ ಎದೆಯ ಮೇಲಿನ ಅರ್ಧ ಭಾರ ಇಳಿಯಿತು. "ಈಗ ಕಾಲು ಸರಿ ಇದೆಯಾ ಸಿಸ್ಟರ್? ನಡೀತಾನಾ?"

ಲಕ್ಷ್ಮೀದೇವಿ ಕನ್ನಡಕ ಮತ್ತೆ ಹಾಕಿಕೊಂಡರು. "ಸರಳು ಹಾಕಿ ಕಳಿಸಿದ್ವಿ, ಆಗಿನ್ನೂ ಪಾದ ಮುಟ್ಟಿದ್ರೂ ಅವನಿಗೆ ಗೊತ್ತಾಗ್ತಿರ್ಲಿಲ್ಲ. ಕೂಡ್ಕೊಂತೋ ಕೀವಾಯ್ತೋ, ನಮಗೇನು ಗೊತ್ತು? ಹತ್ತಿರ ಅಂತ ಮುಂದಿಂದು ಚಿತ್ರದುರ್ಗದಲ್ಲಿ ತೋರಿಸ್ಕೋತೀವಿ ಅಂದ್ರು. ಇಳಿಸಿದ ಮೇಲೆ ನಿಮ್ಮ ಗಾಡಿಯೋರಿಗೆ ಪೇಷೆಂಟ್ ಕಾಣಲ್ಲ, ಮನೆಗೆ ಕಳಿಸಿದ ಮೇಲೆ ನಮಗೂ ಕಾಣಲ್ಲ. ತಗೋ, ಅವರಮ್ಮನ ಅಡ್ರೆಸ್ ಐತೆ. ನೋಡಿ ಬಂದು ನಂಗೂ ಒಂದು ಫೋನ್ ಮಾಡು. ನಂಗೂ ತಿಳ್ಕೊಳೋ ಆಸೆ."

ಚಳ್ಳಕೆರೆ, ಪಾವಗಡ ರಸ್ತೆ. ಮುಂದಿನ ಸೋಮವಾರ ಹೋಗುವುದೆಂದಾಯಿತು. ಬ್ಲೌಸ್ ಹೊಲಿಯಲು ಕೊಟ್ಟು ಬರುತ್ತೇನೆಂದು ಯರ್ರಮ್ಮ ಗಂಡನಿಗೆ ಹೇಳಿದ್ದಳು. ಇಬ್ಬರೂ ಕೊಂಡ್ಲಹಳ್ಳಿಯ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ದೊಡ್ಡಪಾಲಯ್ಯ ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಒಂದು ಕೈಚೀಲ ಹಿಡಿದು ಬಂದ. ಯರ್ರಮ್ಮನ ಮುಖ ಬಿಳಿಚಿಕೊಂಡಿತು.

"ತಗ" ಎಂದು ಅವಳ ಕೈಗೆ ಚೀಲ ಕೊಟ್ಟ. ಒಳಗೆ ಹಸಿ ಶೇಂಗಾ ಇತ್ತು. "ಆ ರಾಂಗ್ ನಂಬರ್‌ಗೆ ಕೊಡು. ನಮ್ಮ ಹೊಲದ್ದು ಅಂತ ಹೇಳು."

ಯರ್ರಮ್ಮ ಚೀಲವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು.

"ಬಳ್ಳಾರಿ ಟಿಕೀಟು ನಿನ್ನ ಎಲೆಅಡಿಕೆ ಸಂಚಿಯಾಗೇ ಇತ್ತು. ಸುಣ್ಣ ಹುಡುಕ್ವಾಗ ಸಿಕ್ತು. ನೀನೇ ಹೇಳ್ತೀಯ ಅಂತ ಎರಡು ತಿಂಗಳಿಂದ ಕಾಯ್ತಾ ಅದೀನಿ" ಎಂದ. ಆಮೇಲೆ ಪವಿತ್ರಳ ಕಡೆ ತಿರುಗಿ, "ಈಕೆಗೆ ಸುಳ್ಳು ಹೇಳಾಕೆ ಬರಲ್ಲಮ್ಮ. ನೀರಿನ ಘಟಕದಾಗೆ ಆಡಿದ ಮಾತು ಊರಿಗೆಲ್ಲ ಕೇಳ್ತೈತೆ" ಎಂದು ಹೇಳಿ ಹೊಲದ ದಾರಿ ಹಿಡಿದ. ಬಸ್ಸು ಬರುವವರೆಗೂ ಯರ್ರಮ್ಮ ಅವನ ಬೆನ್ನನ್ನೇ ನೋಡುತ್ತಾ ನಿಂತಿದ್ದಳು.

ಚಳ್ಳಕೆರೆಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. "ಕಾಲಿಗೆ ಕಂಬಿ ಹಾಕ್ಯಾರಲ್ಲ, ಆ ಪಾಲಯ್ಯನಾ?" ಎಂದು ಮೂಲೆಯ ಅಂಗಡಿಯವನೇ ತೋರಿಸಿದ. ಇಲ್ಲಿನ ಜನ ಯಾವ ಪಾಲಯ್ಯ ಎಂದು ಕೇಳುವುದನ್ನು ಕಲಿತಿದ್ದರು. ಒಂದೇ ಕೋಣೆ, ಒಂದು ಅಡಿಗೆಮನೆ. ತಾಯಿ ಮುದ್ದಕ್ಕ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಪವಿತ್ರ ತಾನು ಯಾರೆಂದು ಹೇಳಿಕೊಂಡ ಕೂಡಲೇ ಅವಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

"ನೀನು ಬಂದಿದ್ದು ಒಳ್ಳೇದಾತು ನೋಡವ್ವ. ನೀನಾದ್ರೂ ಇವನ ಬಾಯಿ ಬಿಡಿಸು" ಎಂದು ಕೋಣೆಯೊಳಗಿನ ಮಗನತ್ತ ಕೈ ಮಾಡಿದಳು. "ಕುದಾಪುರದಾಗೆ ಆ ದೊಡ್ಡ ಕ್ಯಾಂಪಸ್ಸಿನ ಗಿಡಗಳಿಗೆ ನೀರು ಹಾಕೋ ಕೆಲ್ಸ. ಪಾಳಿ ಅಂತ ಎರಡೆರಡು ದಿನ ಮನೀಗೇ ಬರ್ತಿರ್ಲಿಲ್ಲ, ನಾನೂ ನಂಬ್ಕಂಡಿದ್ದೆ. ಮೂವತ್ತೆಂಟು ವರ್ಷ ಆದ್ರೂ ಮದ್ವೆ ಬ್ಯಾಡ ಬ್ಯಾಡ ಅಂತಾನೆ. ಬಳ್ಳಾರಿಗೆ ಹೋಗಿ ನೋಡ್ತೀನಿ, ಕಾಗದದಾಗೆ ಹೆಂಡ್ತಿ ಸಹಿ ಐತೆ! ಕದ್ದು ಕಟ್ಕಂಡಾನೆ ಕಣವ್ವ. ಆ ಹುಡುಗೀನ ಮನೆ ತುಂಬಿಸ್ಕಳಾನ ಕರ್ಕಂಡು ಬಾರೋ, ಯಾವ ಜಾತಿ ಆದ್ರೂ ಸೈ ಅಂದ್ರೆ, ನಂಗೆ ಗೊತ್ತೇ ಇಲ್ಲ ಅಂತಾನೆ. ಎರಡು ತಿಂಗಳಿಂದ ಇದೇ ಜಗಳ ನಮ್ಮನ್ಯಾಗೆ."

"ಅವ್ವಾ, ಸಾಕು ಸುಮ್ನಿರವ್ವ" ಎಂದಿತು ಒಳಗಿನಿಂದ ಸುಸ್ತಾದ ದನಿ.

ಯರ್ರಮ್ಮ ಆವರೆಗೆ ಪವಿತ್ರಳ ಬೆನ್ನ ಹಿಂದೆ ನಿಂತಿದ್ದಳು. ಈಗ ಮುಂದೆ ಬಂದು ಬಾಗಿಲಲ್ಲಿ ನಿಂತಳು. ಮಂಚದ ಮೇಲೆ ಒರಗಿದ್ದ ಸಣ್ಣಪಾಲಯ್ಯ ಅವಳನ್ನು ನೋಡಿದ, ನೋಡುತ್ತಲೇ ಇದ್ದ. ಅವನ ಬಲಗಾಲಿನಿಂದ ಕಬ್ಬಿಣದ ಸರಳುಗಳು ಎದ್ದಿದ್ದವು. ಎರಡು ಬೆರಳು ಹೋಗಿದ್ದವು. ಉಳಿದ ಪಾದ ಊದಿಕೊಂಡು, ಚರ್ಮ ಸುಲಿದು, ಕೆಂಪಗಿತ್ತು. ಜೀವವಿದ್ದ ಕೆಂಪು. ಪವಿತ್ರ ಅದನ್ನು ಕಂಡವಳೇ ಉಸಿರು ಬಿಟ್ಟಳು.

"ಇವ್ರು…" ಎಂದ ಸಣ್ಣಪಾಲಯ್ಯ ನಿಧಾನವಾಗಿ. "ನನ್ನ ನೋಡಿ ನಕ್ಕೋರು."

ಮುದ್ದಕ್ಕನ ಕೈಯಿಂದ ಅಕ್ಕಿಯ ಮೊರ ಜಾರಿತು. "ಇವ್ಳೇನಾ?" ಎಂದಳು. ಯರ್ರಮ್ಮನ ತಾಳಿಯನ್ನು, ಕಾಲುಂಗುರವನ್ನು, ಕಿವಿಯ ಬಳಿ ನರೆತ ಕೂದಲನ್ನು ಒಂದೊಂದಾಗಿ ನೋಡಿದಳು.

ಯರ್ರಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತಳು. ಆ ಪಾದದ ಹತ್ತಿರ ಕೈ ಒಯ್ದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು.

"ನೋವೈತೇನಣ್ಣ?" ಎಂದು ಕೇಳಿದಳು.

ಅಣ್ಣ ಎಂಬ ಮಾತು ಬಿದ್ದ ಮೇಲೆ ಮುದ್ದಕ್ಕ ಬಗ್ಗಿ ಚೆಲ್ಲಿದ ಅಕ್ಕಿಯನ್ನು ಮೊರಕ್ಕೆ ಬಳಿದುಕೊಂಡಳು. ಅವಳ ಸೊಸೆಯ ಆಸೆ ಅಲ್ಲಿಗೆ ಮುಗಿಯಿತು. ಪವಿತ್ರ ನಡೆದುದನ್ನೆಲ್ಲ ಮೊದಲಿನಿಂದ ಹೇಳಿದಳು. ತಾನು ತಪ್ಪು ಮನೆಗೆ ಫೋನ್ ಮಾಡಿದ್ದನ್ನೂ ಬಿಡದೆ ಹೇಳಿದಳು. ಕೇಳುತ್ತಾ ಕೇಳುತ್ತಾ ಸಣ್ಣಪಾಲಯ್ಯ ಗೋಡೆಯ ಕಡೆ ಮುಖ ಮಾಡಿದ.

"ಬ್ಯಾಸರ ಮಾಡ್ಕಬ್ಯಾಡಣ್ಣ" ಎಂದಳು ಯರ್ರಮ್ಮ. "ನಾನು ನಿನ್ನ ನೋಡಿ ನಗ್ಲಿಲ್ಲ. ನಮ್ಮೋರಲ್ಲ ಅಂತ ನಕ್ಕೆ."

"ಗೊತ್ತಾತು ಬಿಡು" ಎಂದ ಅವನು ಗೋಡೆಗೆ ಹೇಳಿದಂತೆ. "ಆವತ್ತು ಯಾರ ಮುಖ ನೋಡಿದ್ರೂ ಅಯ್ಯೋ ಪಾಪ ಅಂತಾನೇ ಇದ್ರು. ನನ್ನ ಕಥೆ ಮುಗೀತು ಅನ್ಕಂಡಿದ್ದೆ. ನೀನು ನಗೋದು ನೋಡಿ, ಅಷ್ಟೇನೂ ಆಗಿಲ್ಲ ಬಿಡು ಅಂತ ಕಣ್ಮುಚ್ಚಿದೆ."

ಮುದ್ದಕ್ಕ ಶೇಂಗಾ ಬೇಯಿಸಿ ಕೊಟ್ಟಳು. ಊಟ ಮಾಡದೆ ಹೋಗಕೂಡದೆಂದು ಮುದ್ದೆ ಮಾಡಿ ಬಡಿಸಿದಳು. ಹೊರಡುವಾಗ ಯರ್ರಮ್ಮನನ್ನು ಮಣೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಸೆರಗು ಒಡ್ಡಲು ಹೇಳಿದಳು. ತವರಿಗೆ ಬಂದ ಮಗಳಿಗೆ ತುಂಬುವ ಹಾಗೆ ಐದು ಬೊಗಸೆ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಪೆಟ್ಟಿಗೆಯ ತಳದಲ್ಲಿದ್ದ ಹಸಿರು ರವಿಕೆ ಕಣ ಹಾಕಿದಳು. ಆ ಕಣ ಯಾವ ಸೊಸೆಗೆಂದು ತೆಗೆದಿಟ್ಟದ್ದೋ ಏನೋ.

"ಬರ್ತೀನವ್ವ. ಬರ್ತೀನಣ್ಣ" ಎಂದು ಯರ್ರಮ್ಮ ತುಂಬಿದ ಮಡಿಲನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದಳು.

"ತಡಿ" ಎಂದ ಸಣ್ಣಪಾಲಯ್ಯ.

ಮಂಚದ ಕಾಲಿಗೆ ಒರಗಿಸಿದ್ದ ವಾಕರನ್ನು ಎಳೆದುಕೊಂಡ. "ಬ್ಯಾಡ ಕಣೋ, ಡಾಕ್ಟ್ರು ಕೋಣೆಯಾಗೇ ಓಡಾಡು ಅಂದಾರೆ" ಎಂದು ಮುದ್ದಕ್ಕ ಕೂಗಿದಳು. "ಮಡ್ಲಕ್ಕಿ ಹಾಕಿ ಕಳಿಸ್ತಾ ಇದೀಯಲ್ಲವ್ವ. ಬಾಗಿಲ ತನಕ ನಾನು ಬರಬ್ಯಾಡ್ವಾ?" ಎಂದು ಅವನು ಎದ್ದ. ಪವಿತ್ರ ಹಿಡಿಯಲು ಮುಂದೆ ಬಂದವಳು, ಅವನ ಮುಖ ನೋಡಿ ಪಕ್ಕಕ್ಕೆ ಸರಿದು ನಿಂತಳು. ಯರ್ರಮ್ಮ ಹಿಡಿಯುವಂತಿರಲಿಲ್ಲ, ಕೈ ಬಿಟ್ಟರೆ ಅಕ್ಕಿ ಚೆಲ್ಲುತ್ತಿತ್ತು.

ಅವನು ವಾಕರನ್ನು ಹೊಸ್ತಿಲಾಚೆ ಇಟ್ಟ. ಎಡಗಾಲನ್ನು ದಾಟಿಸಿದ. ಒಂದು ಗಳಿಗೆ ನಿಂತು ಉಸಿರೆಳೆದುಕೊಂಡ. ಆಮೇಲೆ ಸರಳುಗಳ ಸಮೇತ ಆ ಬಲಗಾಲು ಮೇಲೆದ್ದು, ಹೊಸ್ತಿಲ ಮೇಲೆ ತಡವಿ, ಬಿಸಿಲಿನಲ್ಲಿ ಕಾದ ಕಲ್ಲಿನ ಮೇಲೆ ಇಳಿಯಿತು.

"ಸುಡ್ತೈತೆ!" ಎಂದು ಸಣ್ಣಪಾಲಯ್ಯ ಕೂಗಿದ.